ಕುತ್ತಿಗೆ ಕೊಟ್ಟು ಕೂತವನನ್ನು ಕೇಳಬಾರದು

ಕ್ಷೌರದಂಗಡಿಯವರು ವಾಚಾಳಿಗಳು ಅಂತ ಯಾರು ಹೇಳಿದರೋ, ಅವರು ಈ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ಬಿಡಿ. ಇಲ್ಲಿಯ ಯಜಮಾನರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ‘ಹೂಂ ಅಣ್ಣ’. ಗಿರಾಕಿ ಮಗಳ ಮದುವೆಯ ಸುದ್ದಿ ಹೇಳಲಿ, ಮಂಡಿನೋವಿನ ಕತೆ ಹೇಳಲಿ, ಸರ್ಕಾರವನ್ನು ಹಿಗ್ಗಾಮುಗ್ಗಾ ಬಯ್ಯಲಿ, ಇವರ ಬಾಯಿಂದ ಬರುವುದು ಅದೊಂದೇ: ಹೂಂ. ಹಾಗಂತ ಎಲ್ಲಕ್ಕೂ ಒಂದೇ ಹೂಂ ಅಲ್ಲ ಮತ್ತೆ. ಮದುವೆಗೊಂದು, ಮಂಡಿನೋವಿಗೊಂದು, ಸರ್ಕಾರಕ್ಕೊಂದು. ಬಂದವರಿಗೆ ಯಾರೋ ತಮ್ಮ ಮಾತು ಪೂರ್ತಿ ಕೇಳಿಸಿಕೊಂಡರಲ್ಲ ಎನ್ನುವ ಸಮಾಧಾನ. ತಲೆಯೂ ಹಗುರ, ಮನಸ್ಸೂ ಹಗುರ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಅಂಗಡಿಯಲ್ಲಿ ಇರುವುದು ಎರಡು ಕುರ್ಚಿ. ಒಂದರ ರೆಕ್ಸಿನ್ ಹರಿದು, ಮೇಲೆ ಕಪ್ಪು ಟೇಪು ಅಂಟಿಸಿದ್ದಾರೆ. ಕನ್ನಡಿಯ ಒಂದು ಮೂಲೆ ಕಂದಿದೆ. ಅದರ ಕೆಳಗಿನ ಹಲಗೆಯ ಮೇಲೆ ಬಾಚಣಿಗೆಗಳನ್ನು ಅದ್ದಿಟ್ಟ ಗಾಜಿನ ಲೋಟ, ನೊರೆಯ ಬಟ್ಟಲು, ಅಪ್ಪನ ಕಾಲದ ಮಡಚುವ ಕತ್ತಿ. ಆ ಕತ್ತಿಯನ್ನು ಮಗನ ಕೈಗೆ ಕೊಟ್ಟ ದಿನ ಅಪ್ಪ ಒಂದು ಮಾತು ಹೇಳಿದ್ದರು. “ಕುತ್ತಿಗೆ ಕೊಟ್ಟು ಕೂತವನ ಹತ್ರ ಏನೂ ಕೇಳಬೇಡ. ಸಾಲ ಕೇಳಬೇಡ, ಉಪಕಾರ ಕೇಳಬೇಡ. ಅವನು ‘ಇಲ್ಲ’ ಅನ್ನೋ ಸ್ಥಿತೀಲಿ ಇರಲ್ಲ. ಇಲ್ಲ ಅನ್ನೋಕಾಗದವನ ಹತ್ರ ಕೇಳಿದ್ದು ಕೇಳಿದ್ದಲ್ಲ ಕಣೋ, ಕಿತ್ಕೊಂಡಿದ್ದು.”

ಹೂಂ ಅಣ್ಣ ಆ ಮಾತನ್ನು ಅಂದಿನಿಂದ ಇಂದಿನವರೆಗೆ ಮೀರಿದವರಲ್ಲ. ಕತ್ತಿ ಹಿಡಿದಾಗ ಮಾತ್ರವಲ್ಲ, ಬರೀ ತಲೆ ಕೈಯಲ್ಲಿದ್ದರೂ ಅದೇ ನಿಯಮ. ಬೇಕಾದ್ದನ್ನು ಗಿರಾಕಿ ಎದ್ದು, ಭುಜದ ಮೇಲಿನ ಬಟ್ಟೆ ಕೊಡವಿ, ಬಾಗಿಲ ಕಡೆ ತಿರುಗಿದ ಮೇಲೆ ಕೇಳಬೇಕು. ಆದರೆ ಕ್ಷೌರ ಮುಗಿದ ಮೇಲೆ ಅಂಗಡಿಯಲ್ಲಿ ನಿಲ್ಲುವವರು ಯಾರು ಹೇಳಿ? ಹೀಗಾಗಿ ಹೂಂ ಅಣ್ಣ ಯಾರನ್ನೂ ಏನನ್ನೂ ಕೇಳದೆಯೇ ಅರವತ್ತು ದಾಟಿದ್ದರು. ಕೇಳಬೇಕಾದ ಪ್ರಸಂಗ ಬಂದದ್ದೇ ಸೊಸೆಯ ಕಂಪನಿ ಶುರುವಾದ ಮೇಲೆ.

ಅದರ ಮೂಲ ಇರುವುದು ಹೆಂಡತಿಯ ಸೊಂಟದಲ್ಲಿ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು, ಮೂಳೆ ಮುರಿದು, ಹಾಸಿಗೆ ಹಿಡಿದರು. ಅಲುಗಾಡುವ ಹಾಗಿಲ್ಲ. ಔಷಧಿ, ಊಟ ಎಲ್ಲ ನಡೆಯಿತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು, “ರೀ, ನನಗೆ ಬೇರೇನೂ ಬೇಡ. ತಲೆಗೆ ಒಂದಿಷ್ಟು ಬಿಸಿನೀರು ಬಿದ್ರೆ ಸಾಕು. ತಲೆ ತುಂಬ ಇರುವೆ ಹರಿದ ಹಾಗಾಗತ್ತೆ,” ಎಂದರು. ಊರವರ ತಲೆಯನ್ನೆಲ್ಲ ನೋಡಿಕೊಂಡ ಮನುಷ್ಯ ಹೆಂಡತಿಯ ತಲೆಗೆ ಒಂದು ಚೊಂಬು ನೀರು ಹಾಕಲಾರದೆ ನಿಂತುಬಿಟ್ಟರು. ತಪ್ಪಲೆ, ಟವೆಲು ಹಿಡಿದು ಪ್ರಯತ್ನವೇನೋ ಮಾಡಿದರು. ತಲೆ ಅರ್ಧ ನೆನೆಯಿತು, ಹಾಸಿಗೆ ಪೂರ್ತಿ ನೆನೆಯಿತು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಬಾಗಿಲಲ್ಲಿ ನಿಂತು ಈ ಅವಾಂತರವನ್ನೆಲ್ಲ ನೋಡಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಹೇಳಿ ಸ್ಕೂಟರ್ ಚಕ್ರದ ಒಂದು ಹಳೇ ಟ್ಯೂಬು ತರಿಸಿದಳು. ಅದಕ್ಕೆ ಗಾಳಿ ತುಂಬಿ, ಕತ್ತು ಕೂರುವ ಕಡೆ ತಗ್ಗು ಮಾಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರಲ್ಲೊಂದು ತೂತು ಮಾಡಿ ಪೈಪು ಜೋಡಿಸಿ, ಪೈಪಿನ ಇನ್ನೊಂದು ತುದಿಯನ್ನು ಬಕೆಟ್ಟಿಗೆ ಬಿಟ್ಟಳು. ಮಾವ ಅಂಗಡಿಯಲ್ಲಿ ತೊಳೆಯುವ ಹಾಗೇ ನಿಧಾನವಾಗಿ, ಬೆರಳ ತುದಿಯಿಂದ ತಿಕ್ಕಿ ತೊಳೆದರು. ಹಾಸಿಗೆಗೆ ಒಂದು ಹನಿ ಬೀಳಲಿಲ್ಲ. ಹೆಂಡತಿಯ ಕಣ್ಣಿಂದ ಮಾತ್ರ ಧಾರಾಕಾರ.

“ಅತ್ತೆ, ನೋವಾಯ್ತಾ?” ಎಂದು ಸೊಸೆ ಗಾಬರಿಯಾದಳು.

“ಇಲ್ಲ ಕಣೇ. ಸಾಮಾನಿನ ಹಾಗೆ ಬಿದ್ದಿದ್ದೆ, ಈಗ ಮತ್ತೆ ಮನುಷ್ಯಳಾದೆ.”

ಆಕೆ ಈಗ ಎದ್ದು ಓಡಾಡುತ್ತಾರೆ. ಕಾಲಿಗೆ ಊರುಗೋಲು ಬಂದಿದೆ, ನಾಲಿಗೆಗೆ ಅದರ ಅಗತ್ಯ ಬಿದ್ದಿಲ್ಲ. ಆದರೆ ಆ ಟ್ಯೂಬಿನ ಸಾಧನ ಸೊಸೆಯ ತಲೆ ಹೊಕ್ಕು ಕೂತುಬಿಟ್ಟಿತು. ಅದಕ್ಕೆ ಮನೆಯವರೇ ‘ತಲೆತೊಟ್ಟಿ’ ಎಂದು ಹೆಸರಿಟ್ಟರು. ಸೊಸೆ ಸಂಬಳವಿಲ್ಲದ ರಜೆ ಹಾಕಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಒಂದಷ್ಟು ತಲೆತೊಟ್ಟಿ ಮಾಡಿದಳು. ಅಂಗಡಿ ರಜೆಯ ದಿನ ಹೂಂ ಅಣ್ಣ ಹಾಸಿಗೆ ಹಿಡಿದ ಹಳೇ ಗಿರಾಕಿಗಳ ಮನೆಗೆ ಹೋಗಿ ಅವುಗಳಲ್ಲಿ ತಲೆ ತೊಳೆದು ಬಂದರು. ಹೋದ ಮನೆಯವರೆಲ್ಲ, ‘ನಮಗೂ ಒಂದು ಕೊಡಿ’ ಎಂದರು. ಎರಡು ಆಸ್ಪತ್ರೆಯವರೂ ಕೇಳಿದರು. ಕೊಡೋಣವೆಂದರೆ ಕೈಯಲ್ಲಿ ಅಂಟಿಸಿದ್ದು ಹತ್ತು ಸಲ ತೊಳೆಯುವಷ್ಟರಲ್ಲಿ ಬಿಟ್ಟುಕೊಳ್ಳುತ್ತಿತ್ತು. ಸರಿಯಾಗಿ ಮಾಡಬೇಕೆಂದರೆ ಕಾರ್ಖಾನೆಯಲ್ಲಿ ಅಚ್ಚು ಮಾಡಿಸಬೇಕು. ಅಚ್ಚಿಗೆ ಬೇಕಾದ ದುಡ್ಡು ಆ ಅಂಗಡಿಯನ್ನು ಕುರ್ಚಿ ಸಮೇತ ಮಾರಿದರೂ ಹುಟ್ಟುತ್ತಿರಲಿಲ್ಲ.

ಬ್ಯಾಂಕಿನವರು, ಎರಡು ವರ್ಷದ ಲಾಭ ತೋರಿಸಿ, ಆಮೇಲೆ ಬನ್ನಿ ಎಂದರು. ಇನ್ನೂ ಹುಟ್ಟದ ಕೂಸಿನ ಹಲ್ಲು ತೋರಿಸು ಎಂದರೆ ಎಲ್ಲಿಂದ ತೋರಿಸುವುದು! ಅಷ್ಟರಲ್ಲಿ ಸೊಸೆ ಎಲ್ಲೋ ವಿಚಾರಿಸಿಕೊಂಡು ಬಂದಳು.

“ಮಾವ, ಹೊಸ ಕಂಪನಿಗಳಿಗೆ ಸ್ವಂತ ದುಡ್ಡು ಹಾಕೋರು ಇರ್ತಾರಂತೆ. ಸಾಲ ಅಲ್ಲ, ಬಡ್ಡಿ ಇಲ್ಲ. ಬದಲಿಗೆ ಕಂಪನೀಲಿ ಪಾಲು ಕೊಡಬೇಕು. ಮುಳುಗಿದ್ರೆ ಅವರ ದುಡ್ಡೂ ಮುಳುಗತ್ತೆ. ಏಂಜೆಲ್ ಅಂತಾರೆ ಅವರನ್ನ.”

“ಹಾಗಂದ್ರೆ?” ಎಂದು ಅತ್ತೆ ಕೇಳಿದರು.

“ದೇವತೆ ಅಂತ ಅತ್ತೆ.”

“ನಾನು ಕಂಡ ದೇವತೆಗಳು ವರ ಕೊಡ್ತಾರೆ, ಪಾಲು ಕೇಳಲ್ಲ. ಹೋಗ್ಲಿ, ಎಲ್ಲಿರ್ತಾರೆ ಇವರು?”

ಸೊಸೆ ಮಾವನ ಕಡೆ ತಿರುಗಿದಳು. “ಎಲ್ಲೋ ಯಾಕೆ? ಮಾವನ ಕುರ್ಚಿ ಮೇಲೇ ಕೂತು ಎದ್ದು ಹೋಗ್ತಿದಾರೆ! ಔಷಧಿ ಅಂಗಡಿಯವರು, ಕಟ್ಟಡ ಕಟ್ಟಿಸೋರು, ಆ ಲಾರಿ ಯಜಮಾನ್ರು. ಗಡ್ಡ ಮಾಡ್ತಾ ಮಾಡ್ತಾ ಒಂದು ಮಾತು ಎತ್ತಿ ಮಾವ.”

“ಕತ್ತಿ ಕೈಲಿದ್ದಾಗ ಕೇಳಬಾರದು ಕಣಮ್ಮ.”

“ಮತ್ತೆ ಯಾವಾಗ ಕೇಳ್ತೀರಾ?”

“ಎದ್ದ ಮೇಲೆ.”

“ಎದ್ದ ಮೇಲೆ ಅವರು ನಿಲ್ಲಲ್ವಲ್ಲ!”

“ಹೂಂ.”

“ಅತ್ತರೆ ತಾನೇ ತಾಯೀನೂ ಹಾಲು ಕೊಡೋದು,” ಎಂದು ಹೆಂಡತಿ ತಮ್ಮ ಪಾಲಿನ ಒಂದು ಏಟು ಹಾಕಿದರು. “ನಿಮ್ಮಪ್ಪ ಹೇಳಿದ್ದನ್ನ ಇಷ್ಟು ವರ್ಷ ನಾನೂ ಕೇಳಿದೀನಿ. ಹುಡುಗಿ ರಜೆ ಈ ತಿಂಗಳ ಕೊನೆಗೆ ಮುಗಿಯತ್ತೆ. ಒಂದನೇ ತಾರೀಕು ಹೋಗಿ ಸೇರದಿದ್ರೆ ಕೆಲಸ ಹೋಯ್ತು, ಸೇರಿದ್ರೆ ಕಂಪನಿ ಅಟ್ಟಕ್ಕೆ ಹೋಯ್ತು. ಅದನ್ನೂ ಸ್ವಲ್ಪ ಯೋಚ್ನೆ ಮಾಡಿ.”

ಯೋಚನೆ ಮಾಡದೆ ಇದ್ದರೇ? ನಿದ್ದೆಗೆಟ್ಟು ಯೋಚಿಸಿದರು. ಮರುದಿನ ಲಾರಿ ಯಜಮಾನರು ಬಂದರು. ಮೂವತ್ತು ವರ್ಷದ ಗಿರಾಕಿ, ಹತ್ತಾರು ಲಾರಿಗಳ ಒಡೆಯ. ಗಡ್ಡ ಮಾಡಿಸಿಕೊಂಡು, ಎಂದಿನಂತೆ ಅವಸರದಲ್ಲಿ ಎದ್ದು ಬೀದಿಗಿಳಿದರು. ಇವತ್ತು ಕೇಳಿಯೇ ಬಿಡಬೇಕು ಎಂದು ಹೂಂ ಅಣ್ಣ ಧೈರ್ಯ ಮಾಡಿದರು. ಸುಮ್ಮನೆ ಹಿಂದೆ ಓಡುವುದು ಹೇಗೆ ಎಂದು ಕೈಗೆ ಸಿಕ್ಕಿದ ಛತ್ರಿಯೊಂದನ್ನು ಹಿಡಿದುಕೊಂಡು ಓಡಿದರು. ಲಾರಿ ಯಜಮಾನರು ನಿಂತು ತಿರುಗಿದರು.

“ಏನಣ್ಣಾ?”

ಹೂಂ ಅಣ್ಣ ಕೈಯಲ್ಲಿದ್ದುದನ್ನು ಮುಂದೆ ಚಾಚಿದರು. “ಛತ್ರಿ...” ಎಂದರು.

“ನನ್ನದಲ್ವಲ್ಲ. ಅಷ್ಟಕ್ಕೂ ಇಷ್ಟು ಬಿಸಿಲಲ್ಲಿ ಛತ್ರಿ ಯಾರು ತರ್ತಾರೆ?”

“ಹೂಂ,” ಎಂದು ಇಂಗು ತಿಂದ ಮಂಗನ ಹಾಗೆ ವಾಪಸ್ಸು ಬಂದರು. ಛತ್ರಿಯ ನಿಜವಾದ ಯಜಮಾನ, ಎರಡನೇ ಕುರ್ಚಿಯಲ್ಲಿ ಕಾಯುತ್ತಿದ್ದ ಮೇಷ್ಟ್ರು, ಅವರನ್ನು ಅನುಮಾನದಿಂದ ನೋಡಿದರು.

ಮಾವನನ್ನು ನೆಚ್ಚಿಕೊಂಡರೆ ಇಷ್ಟೇ ಎಂದು ಸೊಸೆಗೆ ಗೊತ್ತಾಯಿತು. ತಾನೇ ಓಡಾಡಿ, ಹೂಡಿಕೆದಾರರ ಕೂಟವೊಂದರಲ್ಲಿ ಹತ್ತು ನಿಮಿಷದ ಅವಕಾಶ ಗಿಟ್ಟಿಸಿದಳು. ಒಂದೊಂದು ಹೊಸ ಕಂಪನಿಯವರೂ ಬಂದು ತಮ್ಮ ವಸ್ತು ತೋರಿಸಿ, ಎಷ್ಟು ದುಡ್ಡು ಬೇಕು, ಎಷ್ಟು ಪಾಲು ಕೊಡುತ್ತೇವೆ ಎಂದು ಹೇಳಬೇಕು. ಗಂಟೆ ಬಾರಿಸಿದರೆ ಹೊತ್ತು ಮುಗಿಯಿತು. ಮನೆಯಲ್ಲಿ ತಾಲೀಮು ಜೋರಾಗಿ ನಡೆಯಿತು. ಮಾವ ತಲೆ ತೊಳೆದು ತೋರಿಸುವುದು, ಸೊಸೆ ಮಾತಾಡುವುದು. ತಲೆ ಕೊಡುವವಳು ಅತ್ತೆ. ಒಂದೇ ದಿನ ನಾಲ್ಕು ಸಲ ತೊಳೆಸಿಕೊಂಡು, “ದುಡ್ಡು ಬರತ್ತೋ ಇಲ್ವೋ, ನನಗೆ ನೆಗಡಿಯಂತೂ ಬಂತು,” ಎಂದು ಸೀನಿದರು. ಆ ನೆಗಡಿಯಿಂದಾಗಿಯೇ ಕೂಟದ ದಿನ ಆಕೆ ಬರಲಾಗಲಿಲ್ಲ.

ಗಾಜಿನ ಗೋಡೆಯ ಕೋಣೆ, ಉದ್ದನೆಯ ಮೇಜು, ಚಕ್ರದ ಕುರ್ಚಿಗಳಲ್ಲಿ ಏಳೆಂಟು ಜನ. ಇವರಿಗಿಂತ ಮುಂಚೆ ಬಂದವರು ನೀರು ಕುಡಿಯಲು ನೆನಪಿಸುವ ಫೋನ್ ಆಪ್ ಮಾಡಿದ್ದರು. ದೇವರು ಬಾಯಾರಿಕೆ ಅಂತ ಒಂದನ್ನು ಪುಕ್ಕಟೆ ಕೊಟ್ಟಿದ್ದಾನೆ, ಅದು ಸಾಲದೆಂದು ಇದು ಬೇರೆ! ಅವರಿಗೆ ದುಡ್ಡು ಸಿಗುವ ಲಕ್ಷಣವೇ ಕಾಣುತ್ತಿತ್ತು, ಅದು ಬೇರೆ ಮಾತು. ಸೊಸೆ ತಲೆತೊಟ್ಟಿಗೆ ಗಾಳಿ ತುಂಬಿ ಮೇಜಿನ ಮೇಲಿಟ್ಟಳು. “ಯಾರಾದ್ರೂ ಒಬ್ಬರು ಮಲಗಿದ್ರೆ ತೋರಿಸ್ತೀವಿ,” ಎಂದಳು. ಯಾರೂ ಅಲುಗಾಡಲಿಲ್ಲ. ಆಗ ಮೇಜಿನ ಕೊನೆಯಿಂದ ಒಬ್ಬರು ಕೋಟು ಬಿಚ್ಚುತ್ತ ಎದ್ದು ಬಂದರು. ನೋಡಿದರೆ ಲಾರಿ ಯಜಮಾನರು! ಅವರ ಮಂಡಿನೋವು, ಮಗನ ಹಟ, ಬೀಗರ ಜಿಪುಣತನ ಎಲ್ಲ ಗೊತ್ತಿದ್ದ ಹೂಂ ಅಣ್ಣನಿಗೆ ಇದೊಂದು ಮಾತ್ರ ಗೊತ್ತಿರಲಿಲ್ಲ.

“ಮೂವತ್ತು ವರ್ಷದಿಂದ ಇವರ ಕೈಗೆ ಕುತ್ತಿಗೆ ಕೊಟ್ಟಿದೀನಿ. ತಲೆ ಕೊಡೋಕೇನು,” ಎನ್ನುತ್ತ ಅವರು ಮೇಜಿನ ಮೇಲೆ ಮಲಗಿದರು. ಹೂಂ ಅಣ್ಣ ಬೆಚ್ಚನೆಯ ನೀರು ಬಿಟ್ಟು, ಶಾಂಪೂ ಹಚ್ಚಿ, ತಿಕ್ಕಲು ಶುರುಮಾಡಿದರು. ಸೊಸೆ ಮಾತು ಆರಂಭಿಸಿದಳು. ಎರಡು ವಾಕ್ಯ ಆಗಿರಲಿಲ್ಲ, ಮಲಗಿದ್ದವರೇ ಕಣ್ಣು ಮುಚ್ಚಿಕೊಂಡು, “ಚೆನ್ನಾಗಿದೆಯಮ್ಮ ಇದು. ಹೇಳು, ಎಷ್ಟು ಬೇಕು ನಿಮಗೆ?” ಎಂದರು.

ಕೇಳಿದಿರಾ? ದೇವತೆ ತಾನಾಗಿ ಬಾಯಿ ಬಿಟ್ಟು, ಏನು ವರ ಬೇಕು ಎಂದ ಹಾಗೆ. ಸೊಸೆ ಬಾಯಿ ತೆರೆದಳು. ಹೂಂ ಅಣ್ಣ ನೊರೆಯ ಕೈಯೆತ್ತಿ ಅವಳನ್ನು ತಡೆದುಬಿಟ್ಟರು.

“ತಲೆ ನನ್ನ ಕೈಲಿದೆ ಯಜಮಾನ್ರೇ. ಆ ಮಾತು ಈಗ ಬೇಡ. ಎದ್ದ ಮೇಲೆ.”

“ಮಾವ!” ಎಂದು ಸೊಸೆ ಪಿಸುಗುಟ್ಟಿದಳು.

“ಎದ್ದ ಮೇಲೆ ಕಣಮ್ಮ.”

ಸರಿ, ಬೇಗ ಎಬ್ಬಿಸಬೇಡವೇ? ಅದೂ ಇಲ್ಲ. ಅರ್ಧಂಬರ್ಧ ಕೆಲಸ ಮಾಡಿ ಕೈಬಿಡುವುದು ಅವರ ಜಾಯಮಾನದಲ್ಲೇ ಇಲ್ಲವಲ್ಲ. ಎರಡು ಸಲ ನೊರೆ ತೆಗೆದು, ಕಿವಿಯ ಹಿಂದೆ ಒರೆಸಿ, ಟವೆಲು ಸುತ್ತಿ, ಕೂದಲು ಆರಿಸಿ, ಬೈತಲೆ ತೆಗೆದು, ಬಾಚಿ, ಅಭ್ಯಾಸಬಲದಿಂದ ಕೈಗನ್ನಡಿಗಾಗಿ ತಡಕಾಡುತ್ತಿದ್ದಾಗ ಟಣ್ಣೆಂದು ಗಂಟೆ ಹೊಡೆಯಿತು. ಲಾರಿ ಯಜಮಾನರು ಕೋಟು ತೊಟ್ಟು ತಮ್ಮ ಕುರ್ಚಿಗೆ ಮರಳಬೇಕಾಯಿತು, ಹೊರಗೆ ಮುಂದಿನ ಕಂಪನಿಯವರು ಬಾಗಿಲು ತಳ್ಳುತ್ತಿದ್ದರು. ಇನ್ನೊಂದು ಕೂಟ ಮೂರು ತಿಂಗಳ ನಂತರ ಎಂದು ಗಂಟೆ ಬಾರಿಸಿದಾಕೆ ವಿನಯದಿಂದ ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಸ್ಸಿನಲ್ಲಿ ಸೊಸೆ ತಲೆತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆಯೇ ನೋಡುತ್ತ ಕೂತಳು. ಇಳಿಯುವಾಗ ಒಂದೇ ಮಾತು ಹೇಳಿದಳು. “ನಿಮ್ಮ ನಿಯಮ ಉಳೀತು ಮಾವ. ನನ್ನ ಕಂಪನಿ ಹೋಯ್ತು.” ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಅವರು ಹೇಗೋ ತಡೆದುಕೊಳ್ಳುತ್ತಿದ್ದರು. ಬರೀ ದಣಿವಿತ್ತು. ಮನೆಗೆ ಬಂದು ನಡೆದದ್ದು ಹೇಳಿದಾಗ ಹೆಂಡತಿ ಏನಾದರೂ ಚುಚ್ಚಿ ಮಾತಾಡುತ್ತಾರೆ ಎಂದುಕೊಂಡಿದ್ದರು. ಆಕೆಯೂ ಸುಮ್ಮನಿದ್ದರು. ಆ ಮನೆಯಲ್ಲಿ ಆಕೆ ಸುಮ್ಮನಿದ್ದಾರೆ ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆ ಹೂಂ ಅಣ್ಣ ಅಂಗಡಿಗೆ ಹೊರಟಾಗ ಸೊಸೆ ಪೆಟ್ಟಿಗೆಯಿಂದ ಬಿಳಿ ಯೂನಿಫಾರ್ಮು ತೆಗೆದು ಇಸ್ತ್ರಿಗೆ ಹರಡುತ್ತಿದ್ದಳು. ಅವರು ಅದನ್ನು ನೋಡುತ್ತಲೇ ಚಪ್ಪಲಿ ಮೆಟ್ಟಿದರು. ಅಂಗಡಿಗೆ ಬಂದು ಕನ್ನಡಿ ಒರೆಸಿ, ನೀರು ಕಾಯಲಿಟ್ಟರು. ಬೀದಿಯ ಕೊನೆಯಲ್ಲಿ ಅವರ ಮನೆ. ಇಸ್ತ್ರಿಯ ಬಿಸಿ ಇಲ್ಲಿಯವರೆಗೆ ತಾಗುತ್ತಿದೆಯೇನೋ ಎನ್ನುವ ಹಾಗೆ ಚಡಪಡಿಸುತ್ತಿದ್ದರು.

ಮೆಟ್ಟಿಲ ಮೇಲೆ ನೆರಳು ಬಿತ್ತು. ಕೂಟದ ದಿನದಿಂದ ಇತ್ತ ಸುಳಿಯದಿದ್ದ ಲಾರಿ ಯಜಮಾನರು. ಹೂಂ ಅಣ್ಣ ಟವೆಲು ಕೊಡವಿ ಕುರ್ಚಿ ತಿರುಗಿಸಿದರು.

“ಕೂರಲ್ಲ,” ಎಂದರು ಅವರು. “ಕೈಲಿ ಏನಾದ್ರೂ ಇದ್ರೆ ಕೆಳಗಿಡಿ. ನಾನು ನಿಂತಿದೀನಿ, ಬಾಗಿಲು ತೆಗೆದಿದೆ. ಈಗ ಕೇಳಿ.”

ಹೂಂ ಅಣ್ಣ ಬ್ರಷ್ಷು ಕೆಳಗಿಟ್ಟರು. ಕೈ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು.

“ಅವತ್ತು ಬಿಸಿಲಲ್ಲಿ ಛತ್ರಿ ಹಿಡ್ಕೊಂಡು ಓಡಿ ಬಂದ್ರಲ್ಲ, ಇದಕ್ಕೇನಾ?”

“ಹೂಂ.”

“ಹೂಂ ಅಂದ್ರೆ ಆಗಲ್ಲ ಅಣ್ಣ. ಬಾಯಿಬಿಟ್ಟು ಕೇಳಿ.”

ಹೂಂ ಅಣ್ಣನಿಗೆ ಆ ಬಿಳಿ ಯೂನಿಫಾರ್ಮು ಕಣ್ಣ ಮುಂದೆ ಬಂತು. “ಯಜಮಾನ್ರೇ,” ಎಂದರು, “ನನ್ನ ಸೊಸೆಗೆ ದುಡ್ಡು ಬೇಕು. ಅಚ್ಚು ಮಾಡಿಸಬೇಕು. ನಾಳೆ ಅವಳು ವಾಪಸ್ ಕೆಲಸಕ್ಕೆ ಹೋಗ್ತಾಳೆ. ಹೋದ್ರೆ ಇದು ಇಲ್ಲಿಗೆ ಮುಗೀತು. ಒಳ್ಳೇ ಹುಡುಗಿ. ಅವಳು ಹಿಡಿದ ಕೆಲಸ ಬಿಡೋಳಲ್ಲ, ನಾನೇ ಬಿಡಿಸಿಬಿಟ್ಟೆ. ನೀವು ಅವಳ ಕಂಪನಿಗೆ ದುಡ್ಡು ಹಾಕಬೇಕು. ಇಲ್ಲ ಅಂದ್ರೂ ಬೇಜಾರಿಲ್ಲ. ನಾಳೆನೂ ಗಡ್ಡ ಇಷ್ಟೇ ಚೆನ್ನಾಗಿ ಮಾಡ್ತೀನಿ.”

ಅಷ್ಟೊಂದು ಮಾತು ಆ ಬಾಯಿಂದ ಒಟ್ಟಿಗೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಲಾರಿ ಯಜಮಾನರು ಬಾಗಿಲ ಚೌಕಟ್ಟಿಗೆ ಒರಗಿದರು.

“ನಮ್ಮಪ್ಪ ಕೊನೇ ವರ್ಷ ಹಾಸಿಗೇಲಿದ್ರು. ತಲೆ ತುಂಬ ಬೆಳ್ಳಗೆ ಕೂದಲು. ತೊಳೆಯೋದು ಕಷ್ಟ ಅಂತ ನಿಮ್ಮನ್ನ ಕರೆಸಿ ಬೋಳಿಸಿಬಿಟ್ವಿ. ನೆನಪಿದೆಯಾ?”

“ಕನ್ನಡಿ ಕೇಳಿದ್ರು,” ಎಂದರು ಹೂಂ ಅಣ್ಣ ಮೆಲ್ಲಗೆ. “ನೋಡ್ಕೊಂಡು ಎದೆ ಮೇಲೆ ಬೋರಲು ಹಾಕಿಟ್ರು.”

“ಹೂಂ,” ಎಂದರು ಲಾರಿ ಯಜಮಾನರು. ಈ ಸಲ ಹೂಂ ಎನ್ನುವ ಸರದಿ ಅವರದಾಗಿತ್ತು. ಮೂಗು ಒರೆಸಿಕೊಂಡು, “ಅವತ್ತು ಆ ಮೇಜಿನ ಮೇಲೆ ಮಲಗಿದಾಗಿನಿಂದ ಅದೇ ತಲೇಲಿದೆ. ಹಾಕ್ತೀನಿ ದುಡ್ಡು. ಪಾಲು ಎಷ್ಟು ಕೊಡ್ತೀರಾ ಹೇಳಿ,” ಎಂದರು.

“ಅದು ನಂಗೊತ್ತಿಲ್ಲ. ಕಂಪನಿ ಅವಳದು, ನಾನು ತಲೆ ತೊಳೆಯೋನು. ಕರೀತೀನಿ ಇರಿ.” ಫೋನಿನಲ್ಲಿ ಅವರು ಹೇಳಿದ್ದು ಎರಡೇ ಮಾತು: “ಕೇಳಿದೆ. ಬಾ.”

ಅವಳು ಬರುವಷ್ಟರಲ್ಲಿ ಸುಮ್ಮನೆ ನಿಲ್ಲುವುದೇಕೆ ಎಂದು ಲಾರಿ ಯಜಮಾನರು ಕುರ್ಚಿಯಲ್ಲಿ ಕೂತರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆಯಿತ್ತು. ಅಷ್ಟರಲ್ಲಿ ಸೊಸೆ ಏದುಸಿರು ಬಿಡುತ್ತ ಒಳಗೆ ಬಂದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು.

“ಮೂರರಲ್ಲಿ ಒಂದು ಪಾಲು ನನಗೆ,” ಎಂದು ಕನ್ನಡಿಯಲ್ಲೇ ಅವಳನ್ನು ನೋಡಿ ಲಾರಿ ಯಜಮಾನರು ಶುರುಮಾಡಿದರು.

“ಹತ್ತರಲ್ಲಿ ಒಂದು,” ಎಂದಳು ಸೊಸೆ, ಉಸಿರು ತಿರುಗುವ ಮೊದಲೇ.

ಟಪ್ಪೆಂದು ಸದ್ದಾಯಿತು. ಹೂಂ ಅಣ್ಣ ಕತ್ತಿ ಮಡಚಿ ಹಲಗೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. “ಮಾತು ಮುಗೀಲಿ,” ಎಂದರು.

“ಅಣ್ಣಾ, ನೊರೆ ಒಣಗ್ತಿದೆ.”

“ಹೂಂ.”

“ಅರ್ಧ ಗಡ್ಡದಲ್ಲಿ ನಾನು ಬೀದಿಗೆ ಹೇಗೆ ಹೋಗ್ಲಿ? ಇದು ಕತ್ತಿ ಹಿಡಿಯೋದಕ್ಕಿಂತ ಮೋಸ ಆಯ್ತಲ್ರೀ!”

ಹೂಂ ಅಣ್ಣ ಬೆಪ್ಪಾದರು. ಹೌದಲ್ಲ! ಅರ್ಧ ಗಡ್ಡದವನೂ ಎದ್ದು ಹೋಗಲಾರ. ಅಪ್ಪ ಇದರ ಬಗ್ಗೆ ಏನೂ ಹೇಳಿರಲಿಲ್ಲ. ಅವರು ಸೊಸೆಯ ಮುಖ ನೋಡಿದರು. ಅವಳು ಅವರನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ತುಟಿಯ ಮೇಲೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, “ಮಾಡಿ ಮಾವ. ಎದ್ದ ಮೇಲೆ ಮಾತಾಡ್ತೀನಿ,” ಎಂದು ಹರಿದ ಕುರ್ಚಿಯಲ್ಲಿ ಕೂತುಬಿಟ್ಟಳು. ಮುಖ ತೊಳೆದು ಒರೆಸುವವರೆಗೂ ಅವಳು ತುಟಿ ಬಿಚ್ಚಲಿಲ್ಲ.

ಲಾರಿ ಯಜಮಾನರು ಎದ್ದರು. ಬೇಕೆಂದೇ ಬಾಗಿಲಿಗೆ ಹೋಗಿ, ಒಂದು ಕಾಲು ಒಳಗೆ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತರು. “ಈಗ ನಾನು ಹೊರಟು ಹೋಗಬಹುದು, ಅಲ್ವಾ?”

“ಧಾರಾಳವಾಗಿ,” ಎಂದರು ಹೂಂ ಅಣ್ಣ.

“ಐದರಲ್ಲಿ ಒಂದು. ಅಚ್ಚಿಗೆ ಬೇಕಾದ ದುಡ್ಡಲ್ಲಿ ಅರ್ಧ ಇವತ್ತೇ ಕೊಡ್ತೀನಿ. ಅಚ್ಚು ಬಂದ ಮೇಲೆ ಉಳಿದಿದ್ದು. ಕಂಪನಿ ನಡೆಸೋದು ನೀನೇ, ನಾನು ಮೂಗು ತೂರಿಸಲ್ಲ. ಏನಮ್ಮಾ?”

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಮೇಲೆ ಮಾವನ ಕಡೆ ನೋಡಿದಳು.

“ಹೂಂ,” ಎಂದರು ಮಾವ. ಅಂಥ ಹೂಂ ಆ ಅಂಗಡಿಯಲ್ಲಿ ಅದುವರೆಗೆ ಕೇಳಿಬಂದಿರಲಿಲ್ಲ. ಸಂತೋಷ, ಅಳು, ಅಬ್ಬಾ ಎನ್ನುವ ನಿಟ್ಟುಸಿರು ಎಲ್ಲ ಅದರಲ್ಲಿತ್ತು. ಸೊಸೆ ಕಣ್ಣೊರೆಸಿಕೊಂಡು ನಕ್ಕಳು, ನಕ್ಕವಳು ಥಟ್ಟನೆ ಹಣೆ ಚಚ್ಚಿಕೊಂಡಳು. “ಅಯ್ಯೋ, ಇಸ್ತ್ರಿಪೆಟ್ಟಿಗೆ!”

ಫೋನು ಮಾಡಿದರೆ ಅತ್ತೆಯ ದನಿ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಬಂತು. “ಯೂನಿಫಾರ್ಮು ಮಧ್ಯಕ್ಕೆ ಸರಿಯಾಗಿ ಸುಟ್ಟು ತೂತಾಗಿದೆ ಕಣೇ. ನಾನು ಆರಿಸಿದೀನಿ, ಮನೆ ಉಳ್ಕೊಂಡಿದೆ. ನಾಳೆ ಆಸ್ಪತ್ರೆಗೆ ಏನು ಹಾಕ್ಕೊಂಡು ಹೋಗ್ತೀಯೋ ನಂಗೊತ್ತಿಲ್ಲ. ನೆಟ್ಟಗೆ ಕಂಪನಿ ನಡೆಸು. ಬರ್ತಾ ನನ್ನ ಚಪ್ಪಲಿ ಹಾಕ್ಕೊಂಡು ಬಾ.”